ಹೊಸ್ತಿಲ ಮುಂದೆ ನಿಂತ ಕಾಲು

೧೯೫೫ರ ಜೂನ್ ತಿಂಗಳಲ್ಲಿ ನಾನು ಮುಂಡರಗಿಯಿಂದ ಗದಗಿಗೆ ವರ್ಗವಾಗಿ ಬಂದೆ. ಸರಕಾರಿ ದವಾಖಾನೆಯಲ್ಲಿ ಮೆಡಿಕಲ್ ಆಫೀಸರ್ ಹುದ್ದೆ. ಗದಗ ಆಗ ಮುಂಬಯಿ ರಾಜ್ಯದಲ್ಲಿತ್ತು. ಆದೇಶಗಳು ಮುಂಬಯಿ ಕಡೆಯಿಂದ ಬರುತ್ತಿದ್ದವು, ಧೂಳು ಮಾತ್ರ ನಮ್ಮದೇ ಆಗಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮಲೇರಿಯ, ಕಣ್ಣುಬೇನೆ, ನಾರುಹುಣ್ಣು, ಚೇಳು ಕಡಿತ ಎಲ್ಲವೂ ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದವು. ನರರೋಗವೆಂದರೆ ನಮ್ಮ ಪಾಲಿಗೆ ಎರಡೇ, ಲಕವಾ ಮತ್ತು ಮೂರ್ಛೆ. ಉಳಿದದ್ದನ್ನು ಜನ ದೇವರಿಗೆ ಬಿಡುತ್ತಿದ್ದರು, ನಾವು ಧಾರವಾಡದ ಸಿವಿಲ್ ಸರ್ಜನ್‌ರಿಗೆ ಬಿಡುತ್ತಿದ್ದೆವು.

ನಿವೃತ್ತನಾಗಿ ಎಷ್ಟೋ ವರ್ಷಗಳಾದರೂ ವೈದ್ಯಕೀಯ ಪತ್ರಿಕೆಗಳನ್ನು ಓದುವ ಚಟ ನನಗೆ ಬಿಟ್ಟಿಲ್ಲ. ಈಚಿನ ನರರೋಗ ಸಂಶೋಧನೆಗಳಲ್ಲಿ ‘ಕ್ವಾಲಿಟಿ ಆಫ್ ಲೈಫ್’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಔಷಧಿಯಿಂದ ನಡುಕ ಎಷ್ಟು ಇಳಿಯಿತೆಂದು ಅಳೆದರೆ ಸಾಲದು. ರೋಗಿ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಬಲ್ಲನೇ, ನಾಲ್ಕು ಜನರ ನಡುವೆ ಕೂರಲು ನಾಚುತ್ತಾನೆಯೇ, ಮನೆಯವರೊಡನೆ ಹೇಗಿದ್ದಾನೆ ಎಂದೂ ಕೇಳಬೇಕು ಎನ್ನುತ್ತಾರೆ. ಅದಕ್ಕೆಂದೇ ಪ್ರಶ್ನಾವಳಿಗಳಿವೆ. ಒಳ್ಳೆಯದೇ. ಆದರೆ ಅವುಗಳನ್ನು ಓದಿದಾಗಲೆಲ್ಲ ನನಗೆ ಗದಗಿನ ಪಕ್ಕದ ಬೆಟಗೇರಿಯ ನೇಕಾರ ಫಕೀರಪ್ಪ ನೆನಪಾಗುತ್ತಾನೆ, ಅವನಿಗಿಂತ ಹೆಚ್ಚಾಗಿ ಅವನ ತಮ್ಮ ಮಲ್ಲೇಶಪ್ಪ ನೆನಪಾಗುತ್ತಾನೆ.

೧೯೫೬ರ ಮೇ ತಿಂಗಳ ಕೊನೆ. ಬಿಸಿಲು ಹೆಂಚು ಕಾದಂತೆ ಕಾದಿತ್ತು. ಮಲ್ಲೇಶಪ್ಪ ತನ್ನ ಅಣ್ಣನನ್ನು ಟಾಂಗಾದಲ್ಲಿ ಕರೆತಂದು ನನ್ನೆದುರಿಗೆ ಕೂರಿಸಿದ. ಫಕೀರಪ್ಪನಿಗೆ ಐವತ್ತು ದಾಟಿತ್ತು. ಶಿರಹಟ್ಟಿಯ ಫಕೀರ ಸ್ವಾಮಿಗಳ ಮಠಕ್ಕೆ ತಾಯಿ ಹರಕೆ ಹೊತ್ತ ಮೇಲೆ ಹುಟ್ಟಿದವನಾದ್ದರಿಂದ ಆ ಹೆಸರು. ಬಂದವನೇ ಬೇನೆ ಏನೆಂದು ಹೇಳುವ ಬದಲು ಮಲ್ಲೇಶಪ್ಪ ಜೇಬಿನಿಂದ ಮಡಚಿದ ಕಾಗದ ತೆಗೆದ. ಊರಿನ ಖಾಸಗಿ ಡಾಕ್ಟರರೊಬ್ಬರು ಅದರಲ್ಲಿ, ಈತನ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಬರೆದುಕೊಟ್ಟಿದ್ದರು. ಇಂಥದೇ ಇನ್ನೊಂದನ್ನು ಸರಕಾರಿ ಡಾಕ್ಟರ್ ಬರೆದುಕೊಟ್ಟರೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ‘ಧಾರವಾಡಕ್ಕೆ’ ಕಳಿಸಬಹುದಿತ್ತು. ನಮ್ಮ ಸೀಮೆಯಲ್ಲಿ ಮನೆಯ ಮನುಷ್ಯನನ್ನು ಧಾರವಾಡಕ್ಕೆ ಕಳಿಸುತ್ತೇವೆ ಅಂದರೆ ಹುಚ್ಚಾಸ್ಪತ್ರೆಗೆ ಎಂದೇ ಅರ್ಥ, ಯಾವ ಆಸ್ಪತ್ರೆ ಎಂದು ಯಾರೂ ಕೇಳುತ್ತಿರಲಿಲ್ಲ.

ಏನಾಯಿತೆಂದು ಕೇಳಿದೆ. ಮಲ್ಲೇಶಪ್ಪ ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು. ಮಲ್ಲೇಶಪ್ಪನ ಮಗನಿಗೆ ಹತ್ತಿರದ ಹೊಂಬಳ ಊರಿನ ಹೆಣ್ಣು ತಂದಿದ್ದರು. ಮದುವೆ ಮುಗಿಸಿಕೊಂಡು ದಿಬ್ಬಣ ಬೆಟಗೇರಿಗೆ ಬಂತು. ಹೊಸ ಸೊಸೆ ಬರುವಾಗ ಮನೆಯ ಹಿರಿಯ ಮೊದಲು ಬಲಗಾಲಿಟ್ಟು ಒಳಗೆ ಹೋಗಬೇಕು, ಅವನ ಹಿಂದೆ ಮದುಮಕ್ಕಳು ಹೋಗಬೇಕು. ಅದು ಆ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಫಕೀರಪ್ಪ ಹೊಸ್ತಿಲವರೆಗೆ ಬಂದ, ನಿಂತ. ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಹೂರ್ತ ಮೀರುತ್ತಿದೆ, ಬಾಜಾದವರು ಬಾರಿಸಿ ಬಾರಿಸಿ ಸಾಕಾಗಿ ನಿಲ್ಲಿಸಿದ್ದಾರೆ, ಇವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೊಂಬಳದವರು ಪಿಸುಗುಟ್ಟಿಕೊಂಡರು. ಹೆಣ್ಣು ಅವರಿಗೆ ಬೇಡವಾಗಿದೆ, ಅದನ್ನು ಹಿರಿಯನ ಕೈಲಿ ಹೀಗೆ ತೋರಿಸುತ್ತಿದ್ದಾರೆ ಎಂದರು. ಕೊನೆಗೆ ಹುಡುಗಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡರು. ದನ ಹೋಗುವ ಬಾಗಿಲಿನಿಂದ ಹೊಸ ಸೊಸೆ ಬಂದಳು ಎಂಬ ಮಾತು ಸಂಜೆಯೊಳಗೆ ಓಣಿ ತುಂಬಾ ಹರಡಿತು.

ಇಷ್ಟೇ ಆಗಿದ್ದರೆ ಬೇನೆ ಅಂದುಕೊಳ್ಳುತ್ತಿದ್ದರೋ ಏನೋ. ಆದರೆ ಮರುದಿನ ಬೆಳಿಗ್ಗೆ ಇದೇ ಫಕೀರಪ್ಪ ಓಣಿಯಲ್ಲಿ ಎಳೆದಿದ್ದ ಹಾಸಿನ ಪಕ್ಕದಲ್ಲಿ ಈ ತುದಿಯಿಂದ ಆ ತುದಿಗೆ ಎಲ್ಲರೂ ನೋಡುತ್ತಿದ್ದಂತೆ ನೆಟ್ಟಗೆ ನಡೆದಿದ್ದ. ಹಾಸು ಎಂದರೆ ಸೀರೆಯ ಉದ್ದದ ನೂಲು. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಾರೆ. ಹಾಸಿನ ಪಕ್ಕದಲ್ಲಿ ನಡೆಯಬಲ್ಲವನಿಗೆ ಸ್ವಂತ ಮನೆಯ ಹೊಸ್ತಿಲು ದಾಟಲು ಏನು ಧಾಡಿ ಎಂದು ಓಣಿ ಕೇಳಿತು. ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ಆಗೊಮ್ಮೆ ಈಗೊಮ್ಮೆ ಬಂದುಹೋಗಿತ್ತು. ಅದನ್ನೂ ಇದನ್ನೂ ಸೇರಿಸಿ ಜನ ಕತೆ ಕಟ್ಟಿದರು.

ನಾನು ಫಕೀರಪ್ಪನನ್ನು ಪರೀಕ್ಷಿಸಿದೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನೆ ಕೂತಾಗಲೂ ನೂಲು ಹೊಸೆಯುವಂತೆ ಆಡುತ್ತಿದ್ದವು. ತೋಳನ್ನು ಹಿಡಿದು ಮಡಚಿದರೆ ಹಲ್ಲುಚಕ್ರ ತಿರುಗಿಸಿದ ಹಾಗೆ ತಡೆತಡೆದು ಮಡಚಿಕೊಳ್ಳುತ್ತಿತ್ತು. ಮುಖ ಮುಖವಾಡದಂತಿತ್ತು, ಮಾತು ಬಾಯಿಂದ ಹೊರಬರುವ ಮುಂಚೆಯೇ ದಣಿದಿರುತ್ತಿತ್ತು. ಪಾರ್ಕಿನ್ಸನ್ ಕಾಯಿಲೆ ಎನ್ನಲು ಅನುಮಾನವೇ ಇರಲಿಲ್ಲ. ಇದರಲ್ಲಿ ಮಿದುಳಿನ ಒಳಭಾಗದ ಕೆಲವು ಕೇಂದ್ರಗಳು ಕ್ಷೀಣಿಸುತ್ತವೆ. ಯಾವ ರಾಸಾಯನಿಕ ಕಡಿಮೆಯಾಗಿ ಹೀಗಾಗುತ್ತದೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಈಗ ಕೊಡುವ ಮಾತ್ರೆ ಆಗ ಹುಟ್ಟಿರಲಿಲ್ಲ. ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ನಿಧಾನವಾಗಿ, ಸರಿಯಾಗಿ ಉತ್ತರಿಸಿದ.

ಇದು ಹುಚ್ಚಲ್ಲ, ನರದ ಬೇನೆ, ಸಹಿ ಮಾಡಲು ಬರುವುದಿಲ್ಲ ಎಂದೆ. ಮಲ್ಲೇಶಪ್ಪ ಹಗುರಾಗುತ್ತಾನೆ ಎಂದುಕೊಂಡಿದ್ದೆ. ಅವನು ಇನ್ನಷ್ಟು ಕುಗ್ಗಿದ. ಅಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಬಂದ.

“ಹುಚ್ಚು ಅಂದ್ರ ನಾ ತಡಕೋತೀನ್ರಿ ಸಾಹೇಬ್ರ. ಹುಚ್ಚಲ್ಲ ಅಂದ್ರ, ಅಂವ ನನ್ನ ಮ್ಯಾಲಿನ ಸಿಟ್ಟಿಗೆ ಬೇಕಂತನ ನಿಂತಿದ್ದ ಅಂತ ಆಗ್ತೈತಿ. ಅದನ್ನ ತಡಕೊಳ್ಳಾಕ ನನಗ ಆಗಂಗಿಲ್ರಿ. ನನ್ನ ಸಾಕಿದಾಂವ ಅಂವ.”

ತಂದೆ ಸತ್ತ ಮೇಲೆ ಲಾಳಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅಣ್ಣನೇ ಕಲಿಸಿದ್ದನಂತೆ. ಹಾಗಾಗಿ ಅಣ್ಣನಿಗೆ ಹುಚ್ಚು ಹಿಡಿದಿರಲಿ ಎಂದು ಈ ಮನುಷ್ಯ ಬೇಡಿಕೊಳ್ಳುತ್ತಿದ್ದ. ನನ್ನ ಇಡೀ ನೌಕರಿಯಲ್ಲಿ ಇಂಥ ಪ್ರೀತಿಯ ಅರ್ಜಿ ಮತ್ತೊಂದು ಬರಲಿಲ್ಲ. ಕಾಯಿಲೆಯಿಂದ ಹೀಗೆ ಕಾಲು ನಿಲ್ಲಬಹುದು ಎಂದು ಹೇಳಿದೆ. ಹಾಗಾದರೆ ಹಾಸಿನ ಪಕ್ಕದಲ್ಲಿ ಹೇಗೆ ನಡೆದ ಎಂದು ಅವನು ಕೇಳಿದ. ಔಷಧಿ ಕೊಡುತ್ತೇನೆ, ಸ್ವಲ್ಪ ದಿನ ತಾಳು ಎಂದು ಕಳಿಸಿದೆ.

ಮುಂಬಯಿಯ ನನ್ನ ಗುರುಗಳೊಬ್ಬರು ಅದೇ ಸುಮಾರಿಗೆ ಈ ಕಾಯಿಲೆಗೆ ಬಂದ ಹೊಸ ಮಾತ್ರೆಗಳನ್ನು ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿ, ಪರಿಣಾಮ ಬರೆದು ತಿಳಿಸಿ ಎಂದಿದ್ದರು. ನಡುಕ ಎಷ್ಟು, ಬಿಗಿತ ಎಷ್ಟು ಎಂದು ಬರೆಯಬೇಕಿತ್ತು. ಫಕೀರಪ್ಪನಿಗೆ ಅವನ್ನು ಶುರು ಮಾಡಿದೆ. ಎರಡು ವಾರದಲ್ಲಿ ನಡುಕ ಕಣ್ಣಿಗೆ ಕಾಣುವಷ್ಟು ಇಳಿಯಿತು. ಗುರುಗಳಿಗೆ ಸಂತೋಷದಿಂದ ಬರೆಯಲು ಕುಳಿತಾಗ ರೋಗಿಯನ್ನೂ ಒಂದು ಮಾತು ಕೇಳೋಣ ಎನಿಸಿತು. ಕೇಳಿದರೆ ಬಾಯಿ ಒಣಗಿ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಕಣ್ಣು ಮಂಜಾಗಿ ಹರಿದ ಎಳೆ ಕಾಣುವುದಿಲ್ಲ ಎಂದ. ಅವನ ಹೆಂಡತಿ ಗೌರವ್ವ ಪಕ್ಕದಲ್ಲಿ ನಿಂತು, ಮೊದಲು ಕೈಯಷ್ಟೇ ಕೆಟ್ಟಿತ್ತು, ಈಗ ಬಾಯಿ ಕಣ್ಣು ಎರಡೂ ಹೋದವು ಎಂದಳು.

“ಕೈ ನಡುಗಿದ್ರ ನಡುಗಲಿ ಬಿಡ್ರಿ,” ಎಂದ ಫಕೀರಪ್ಪ. “ಹೊಸ್ತಿಲಾ ದಾಟೂಹಂಗ ಮಾಡ್ರಿ. ನಮ್ಮ ತಮ್ಮ ನನ್ನ ಮಾರಿ ನೋಡಿ ಮಾತಾಡೂದ ಬಿಟ್ಟಾನ.”

ಹೊಸ್ತಿಲಿನ ವಿಷಯದಲ್ಲಿ ಮಾತ್ರೆ ಏನೂ ಮಾಡಿರಲಿಲ್ಲ. ಪ್ರಮಾಣ ಅರ್ಧಕ್ಕೆ ಇಳಿಸಿದೆ. ಆ ಹೊತ್ತಿಗೆ ಆಷಾಢಕ್ಕೆಂದು ಸೊಸೆ ತವರಿಗೆ ಹೋಗುವ ದಿನ ಹತ್ತಿರವಾಗಿತ್ತು. ಹೊಂಬಳದವರು ಮಾತು ಕಳಿಸಿದ್ದರು. ಹುಡುಗಿಯನ್ನು ಕರೆದೊಯ್ಯುತ್ತೇವೆ, ಹಿರಿಯ ಮುಂದೆ ನಡೆದು ಮುಂಬಾಗಿಲಿನಿಂದ ಕರೆದುಕೊಳ್ಳುವುದಾದರೆ ಮಾತ್ರ ಮರಳಿ ಕಳಿಸುತ್ತೇವೆ ಎಂದಿದ್ದರು. ಅಂದರೆ ಮದುವೆಯೇ ಆ ಮನುಷ್ಯನ ಕಾಲಿನ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ಸೈಕಲ್ ಹತ್ತಿ ಬೆಟಗೇರಿಗೆ ಹೋದೆ. ಓಣಿಯುದ್ದಕ್ಕೂ ಹಾಸು ಎಳೆದಿದ್ದರು. ನಡುನಡುವೆ ಎರಡೆರಡು ಕೋಲುಗಳನ್ನು ಕತ್ತರಿಯಂತೆ ನಿಲ್ಲಿಸಿ ನೂಲಿಗೆ ಆಸರೆ ಕೊಟ್ಟಿದ್ದರು. ಬಿಸಿಲು ಮಾಳಿಗೆ ದಾಟಿ ಓಣಿಗೆ ಇಳಿದಿತ್ತು. ಮಲ್ಲೇಶಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ನೋಡಿರಿ ನಿಮ್ಮ ರೋಗಿಯನ್ನು ಎನ್ನುವಂತೆ ಕೈ ತೋರಿಸಿದ. ಫಕೀರಪ್ಪ ಹಾಸಿನ ಪಕ್ಕದಲ್ಲಿ ಎಳೆಗಳನ್ನು ಬಿಡಿಸುತ್ತ ನಿಜವಾಗಿಯೂ ನಡೆಯುತ್ತಿದ್ದ. ದವಾಖಾನೆಯಲ್ಲಿ ಗೇಣು ಗೇಣು ಹೆಜ್ಜೆಯಿಡುತ್ತಿದ್ದವನು ಇಲ್ಲಿ ತುಂಬು ಹೆಜ್ಜೆ ಇಡುತ್ತಿದ್ದ. ನನಗೂ ಒಂದು ಗಳಿಗೆ ಓಣಿಯ ಮಾತೇ ಸರಿಯೇನೋ ಎನಿಸಿಬಿಟ್ಟಿತು.

ಜೂನ್ ನಡು ದಾಟಿದ್ದರೂ ಮಿರಗದ ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಮೋಡ ಬಂದು ಬಿಸಿಲನ್ನು ಮುಚ್ಚಿತು. ಫಕೀರಪ್ಪ ನಿಂತುಬಿಟ್ಟ. ಹೊಸ್ತಿಲ ಮುಂದೆ ನಿಲ್ಲುವ ಹಾಗೆಯೇ, ಪಾದ ನೆಲಕ್ಕೆ ಅಂಟಿದಂತೆ, ಮೊಣಕಾಲು ಮಾತ್ರ ಸಣ್ಣಗೆ ನಡುಗುತ್ತ ನಿಂತಿದ್ದ. ಮೋಡ ಸರಿದು ಬಿಸಿಲು ಬಂತು, ಅವನು ಮತ್ತೆ ನಡೆದ. ಆಗ ನೆಲ ನೋಡಿದೆ. ಆಸರೆಕೋಲುಗಳ ನೆರಳು ಓಣಿಗೆ ಅಡ್ಡಲಾಗಿ ಸಾಲಾಗಿ ಬಿದ್ದಿತ್ತು. ಫಕೀರಪ್ಪ ನಡೆಯುತ್ತಿರಲಿಲ್ಲ, ಒಂದೊಂದೇ ನೆರಳನ್ನು ದಾಟುತ್ತಿದ್ದ. ದಾಟಲು ಕಣ್ಣೆದುರಿಗೆ ಏನಾದರೂ ಇದ್ದರೆ ಅವನ ಕಾಲು ಏಳುತ್ತಿತ್ತು.

ಹಾಗಿದ್ದರೆ ಹೊಸ್ತಿಲು ಕೂಡ ದಾಟುವ ವಸ್ತುವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಕಾಯಿಲೆಯಲ್ಲಿ ಇಕ್ಕಟ್ಟಾದ ಬಾಗಿಲು, ಹಿಂದೆ ನಿಂತ ಜನ, ಬೇಗ ಆಗಲಿ ಎಂಬ ಅವಸರ ಇವೆಲ್ಲ ಸೇರಿ ಕಾಲನ್ನು ಕಟ್ಟಿಹಾಕುತ್ತವೆ. ಅಂಥಲ್ಲಿ ಕಣ್ಣಿಗೆ ಒಂದು ಗುರುತು ಹೊಸದಾಗಿ ಕೊಡಬೇಕಾಗುತ್ತದೆ. ಇದು ಈಗ ಎಲ್ಲ ಪಠ್ಯಗಳಲ್ಲೂ ಇದೆ. ಆ ದಿನ ನನ್ನ ಬಳಿ ಇದ್ದದ್ದು ಒಂದು ಮೋಡ ಮಾತ್ರ.

ಮಲ್ಲೇಶಪ್ಪನೂ ಅದನ್ನು ನೋಡಿದ್ದ. ಇನ್ನೊಂದು ಮೋಡ ಬರುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕಾದೆವು. ಎರಡನೆಯ ಸಲವೂ ಹಾಗೆಯೇ ಆದಾಗ ಅವನು ಎದ್ದ. ಜೇಬಿನಲ್ಲಿದ್ದ ಕಾಗದವನ್ನು ತೆಗೆದು ಗಂಜಿಯ ಒಲೆಗೆ ಹಾಕಿ ಬಂದು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಹೊಗೆ ಎಂದ. ಹೊಗೆ ಆ ಕಡೆಗೆ ಹೋಗುತ್ತಿತ್ತು.

ಕಾರಣ ತಿಳಿಯಿತು, ಪರಿಹಾರ ಸುಲಭ ಎಂದುಕೊಂಡೆ. ಬಾಗಿಲ ಮುಂದೆ ಗೆರೆ ಎಳೆಯಿರಿ ಎಂದು ಗೌರವ್ವನಿಗೆ ಹೇಳಿಬಂದೆ. ಆಕೆ ಮರುದಿನ ಇನ್ನೂ ಚೆಂದದ ರಂಗೋಲಿ ಹಾಕಿದಳು. ರಂಗೋಲಿ ತುಳಿಯುವುದುಂಟೇ ಎಂದು ಫಕೀರಪ್ಪ ಅದರ ಮುಂದೆಯೂ ನಿಂತ. ಚಿತ್ತಾರ ಬೇಡ, ಶೇಡಿಯ ಬಿಳಿ ಮಣ್ಣಿನಿಂದ ಅಡ್ಡಡ್ಡ ಬರೀ ಗೆರೆ ಎಳೆಯಿರಿ ಎಂದೆ. ಎಳೆದರು. ಹೊತ್ತೇರುವಷ್ಟರಲ್ಲಿ ಯಾರೋ ಈ ಮನೆಗೆ ಮಾಟ ಮಾಡಿಸಿದ್ದಾರೆ ಎಂದು ಸುದ್ದಿಯಾಗಿ, ನೆರೆಯ ಹೆಂಗಸರೇ ಬಂದು ಸಗಣಿ ನೀರು ಹಾಕಿ ತೊಳೆದರು. ಕೊನೆಗೆ ಮಗ್ಗದ ಪಕ್ಕದಲ್ಲಿದ್ದ ಬಿದಿರು ಕೋಲೊಂದನ್ನು ನಾನೇ ನೆಲಕ್ಕಿಟ್ಟು ದಾಟು ಎಂದೆ. ಕಸುಬಿನ ಕೋಲನ್ನು ದಾಟಬಾರದು ಎಂದು ಅಣ್ಣತಮ್ಮಂದಿರು ಒಟ್ಟಿಗೇ ಹೇಳಿದರು. ತಿಂಗಳಿನ ನಂತರ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ನನ್ನನ್ನು ಬೇಡವೆನ್ನುವುದಕ್ಕೆ. ಸಿಟ್ಟು ಬಂದು ಸೈಕಲ್ ಹತ್ತಿದೆ.

ಶ್ರಾವಣ ಬಂತು, ಪಂಚಮಿ ಹೋಯಿತು. ಸೊಸೆ ಹೊಂಬಳದಲ್ಲೇ ಇದ್ದಳು. ಅಣ್ಣತಮ್ಮಂದಿರು ಮಾತ್ರ ಈಗ ಒಟ್ಟಿಗೆ ದವಾಖಾನೆಗೆ ಬರುತ್ತಿದ್ದರು. ಒಂದು ದಿನ ಮಲ್ಲೇಶಪ್ಪ ಮುಂದೆ, ಫಕೀರಪ್ಪ ಹಿಂದೆ. ನನ್ನ ಕೋಣೆಯ ಬಾಗಿಲಿಗೆ ಸ್ಪ್ರಿಂಗ್ ಇತ್ತು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಫಕೀರಪ್ಪ ಬಾಗಿಲಲ್ಲಿ ಎಂದಿನಂತೆ ನಿಂತ. ಮಲ್ಲೇಶಪ್ಪನ ಎರಡೂ ಕೈಯಲ್ಲಿ ಔಷಧಿ ಬಾಟಲಿಗಳಿದ್ದವು. ಬಾಗಿಲು ಅಣ್ಣನ ಮುಖಕ್ಕೆ ಬಡಿಯುತ್ತದೆಂದು ಅವನು ಬಲಗಾಲನ್ನು ಅಡ್ಡ ಚಾಚಿ ಬಾಗಿಲನ್ನು ತಡೆದ. ಫಕೀರಪ್ಪ ಆ ಕಾಲನ್ನು ನೋಡಿದ, ಒಂದು ಹೆಜ್ಜೆ ಎತ್ತಿ ಅದನ್ನು ದಾಟಿ ಒಳಗೆ ಬಂದ.

ಮಲ್ಲೇಶಪ್ಪನಿಗೆ ಅಣ್ಣ ಒಳಗೆ ಬಂದದ್ದು ಗಮನಕ್ಕೇ ಬರಲಿಲ್ಲ. ಹಿರಿಯನ ಮುಂದೆ ಕಾಲು ಚಾಚಿದೆನಲ್ಲ ಎಂದು ಗಾಬರಿಯಾಗಿ, ಬಾಟಲಿಗಳನ್ನು ನನ್ನ ಮೇಜಿನ ಮೇಲಿಟ್ಟು ಬಗ್ಗಿ ಅಣ್ಣನ ಪಾದ ಮುಟ್ಟುತ್ತಿದ್ದ. ಏಳಪ್ಪ, ಮತ್ತೊಮ್ಮೆ ಹಾಗೆಯೇ ಕಾಲಿಡು ಎಂದೆ. ಅವನು ಒಪ್ಪಲಿಲ್ಲ. ತಿಳಿಯದೆ ಆದದ್ದು ಬೇರೆ, ತಿಳಿದು ಅಣ್ಣನ ಮುಂದೆ ಕಾಲು ಅಡ್ಡ ಇಡುವುದು ಬೇರೆ ಎಂದ. ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ. ಆಗ ಫಕೀರಪ್ಪ ತನ್ನ ಬತ್ತಿದ ದನಿಯಲ್ಲಿ, “ಇಡಲೇ, ಮಲ್ಲ್ಯಾ. ನಾ ಹೇಳಾಕತ್ತೀನಿ, ಇಡು,” ಎಂದ. ಮಲ್ಲೇಶಪ್ಪ ಇಟ್ಟ. ಫಕೀರಪ್ಪ ಅದನ್ನು ದಾಟಿ ಹೊರಗೆ ಹೋದ, ಮತ್ತೆ ದಾಟಿ ಒಳಗೆ ಬಂದ.

ಗುರುಗಳಿಗೆ ಇದನ್ನೆಲ್ಲ ಬರೆದೆ. ಓದಲು ಸ್ವಾರಸ್ಯವಾಗಿದೆ, ಆದರೆ ನಡುಕದ ಅಳತೆ ಎಲ್ಲಿ ಎಂದು ಅವರು ಉತ್ತರಿಸಿದರು. ಅವರ ತಪ್ಪಲ್ಲ, ಆಗ ಸಂಶೋಧನೆ ಕೇಳುತ್ತಿದ್ದದ್ದೇ ಅಷ್ಟು.

೧೯೫೬ರ ನವೆಂಬರ್ ಒಂದರಂದು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ದೀಪಾವಳಿಯೂ ಅದೇ ವಾರದಲ್ಲಿ ಬಂದಿತ್ತು. ಗದಗ ಬೆಟಗೇರಿಯಲ್ಲಿ ತೋರಣ, ಬಾಜಾ, ಭಾಷಣ. ಮಲ್ಲೇಶಪ್ಪ ಬಂದು, ಹಬ್ಬಕ್ಕೆ ಸೊಸೆಯನ್ನು ಕರೆತರುತ್ತಿದ್ದೇವೆ, ತಾವು ಬರಬೇಕು ಎಂದ. ಭಾಷಣಕಾರನಾಗಿದ್ದರೆ ರಾಜ್ಯ ಕೂಡಿದ್ದಕ್ಕೂ ಮನೆ ಕೂಡಿದ್ದಕ್ಕೂ ನಾಲ್ಕು ಮಾತು ಹೊಂದಿಸಿಬಿಡುತ್ತಿದ್ದೆ. ನಾನು ಬರೀ ಡಾಕ್ಟರ್. ನನಗೆ ಒಂದು ಬಲಗಾಲಿನ ಚಿಂತೆ ಮಾತ್ರ ಇತ್ತು.

ಹೊಂಬಳದಿಂದ ಚಕ್ಕಡಿಗಳು ಬಂದವು. ಹುಡುಗಿ ತಲೆ ತಗ್ಗಿಸಿ ಗಂಡನ ಪಕ್ಕದಲ್ಲಿ ನಿಂತಳು. ಓಣಿಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಯಾತಕ್ಕೆಂದು ಹೇಳಬೇಕಿಲ್ಲ. ಫಕೀರಪ್ಪ ಹೊಸ ರುಮಾಲು ಸುತ್ತಿಕೊಂಡು ಎಲ್ಲರ ಮುಂದೆ ನಡೆದ, ಹೊಸ್ತಿಲ ಮುಂದೆ ಬಂದ, ನಿಂತ. ಹಿಂದೆ ಗುಸುಗುಸು ಶುರುವಾಯಿತು. ಗೌರವ್ವ ಆರತಿ ತಟ್ಟೆ ಹಿಡಿದು ಒಳಗಿನಿಂದ ಗಂಡನ ಮುಖವನ್ನೇ ನೋಡುತ್ತಿದ್ದಳು. ಆಗ ಮಲ್ಲೇಶಪ್ಪ ಜನರ ನಡುವಿನಿಂದ ಮುಂದೆ ಬಂದು, ಮೊದಲು ಅಣ್ಣನ ಪಾದ ಮುಟ್ಟಿ ನಮಸ್ಕರಿಸಿ, ಆಮೇಲೆ ತನ್ನ ಬಲಗಾಲನ್ನು ಅಣ್ಣನ ಮುಂದೆ ಅಡ್ಡ ಚಾಚಿದ.

ಹೊಂಬಳದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. “ಹಿರೇಅಣ್ಣನ ಮುಂದ ಕಾಲ ಅಡ್ಡ ಇಡ್ತೀಯೇನೋ,” ಎಂದರು.

“ಅಂವಗ ಇದ ದಾರಿರಿ,” ಎಂದ ಮಲ್ಲೇಶಪ್ಪ.

ಫಕೀರಪ್ಪ ತಮ್ಮನ ಕಾಲನ್ನೂ ಹೊಸ್ತಿಲನ್ನೂ ಒಂದೇ ಹೆಜ್ಜೆಯಲ್ಲಿ ದಾಟಿದ. ಅವನ ಹಿಂದೆ ಹುಡುಗಿ ಸೇರು ಒದ್ದು ಒಳಗೆ ಬಂದಳು. ಅಕ್ಕಿ ಚೆಲ್ಲಿದ ಸದ್ದು ನನಗೆ ಕೇಳಿಸಿತು. ನನ್ನ ಕಣ್ಣಲ್ಲೂ ನೀರು ಬಂತು, ಅಲ್ಲಿ ಹೊಗೆಯ ನೆಪವೂ ಇರಲಿಲ್ಲ.

ಫಕೀರಪ್ಪ ಗುಣವಾಗಲಿಲ್ಲ. ಆ ಕಾಯಿಲೆ ಗುಣವಾಗುವುದಲ್ಲ. ನಡುಕ ಹೆಚ್ಚುತ್ತ ಹೋಯಿತು, ಕೆಲವು ವರ್ಷಗಳಲ್ಲಿ ಮಗ್ಗ ಬಿಟ್ಟ. ಆದರೆ ಯಾರೂ ಅವನನ್ನು ಮತ್ತೆ ಢೋಂಗಿ ಎನ್ನಲಿಲ್ಲ. ಬಾಗಿಲು ಬಂದಲ್ಲೆಲ್ಲ ತಮ್ಮ ಮುಂದೆ ಹೋಗಿ ಕಾಲು ಅಡ್ಡ ಇಡುತ್ತಿದ್ದ. ಆ ಪ್ರಕರಣದಿಂದ ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ರೋಗಿಗೆ ಏನಾಗಿದೆ ಎಂದು ತಿಳಿದರೆ ಡಾಕ್ಟರನ ಅರ್ಧ ಕೆಲಸ ಆಯಿತು. ಅದರಿಂದ ಅವನು ಯಾರನ್ನು ಕಳೆದುಕೊಳ್ಳುತ್ತಿದ್ದಾನೆ ಎಂದು ಕೇಳುವುದು ಉಳಿದ ಅರ್ಧ. ಇಂದಿನ ಪ್ರಶ್ನಾವಳಿಗಳು ಅದನ್ನು ಕೇಳಲು ಕಲಿಯುತ್ತಿವೆ ಎಂಬುದು ನನಗೆ ನಿಜವಾಗಿಯೂ ಸಂತೋಷ ಕೊಡುತ್ತದೆ.

ಮುಂದೆ ನಾನು ಲಕ್ಷ್ಮೇಶ್ವರದಲ್ಲಿದ್ದಾಗ ಒಂದು ಮಧ್ಯಾಹ್ನ ಮಲ್ಲೇಶಪ್ಪ ಬಂದ. ಮೀಸೆ ನೆರೆತಿತ್ತು. ಅಣ್ಣ ತೀರಿಕೊಂಡನೆಂದು ಹೇಳಲು ಅಷ್ಟು ದೂರ ಬಂದಿದ್ದ. ಸ್ವಲ್ಪ ಹೊತ್ತು ಕುಳಿತು, ಚಹಾ ಕುಡಿದು, ಸೊಸೆ ಮೊಮ್ಮಕ್ಕಳ ಮಾತಾಡಿ ಎದ್ದ. ಬಾಗಿಲವರೆಗೆ ಹೋದವನು ಹೊಸ್ತಿಲು ದಾಟಿ ಆಚೆ ನಿಂತು ಹಿಂದಕ್ಕೆ ತಿರುಗಿ, ರೂಢಿಯಿಂದ ಬಲಗಾಲನ್ನು ಬಾಗಿಲಿಗೆ ಅಡ್ಡ ಚಾಚಿದ. ದಾಟಲು ಯಾರೂ ಇರಲಿಲ್ಲ. ಒಂದು ಗಳಿಗೆ ಅದನ್ನು ನೋಡಿಕೊಂಡು ನಿಂತು, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದ.